ಇನ್ನೂರ ಹದಿನೇಳು

ಮೇ ತಿಂಗಳ ಕೊನೆ. ಹೆತ್ತೂರಿನಿಂದ ಮೇಲೆ
ಹೈಟೆನ್ಷನ್ ತಂತಿ ಹಾಯಲಿರುವ ಗೆರೆಯಲ್ಲಿ
ಮರ ಎಣಿಸುತ್ತಿದ್ದೆವು ನಾವಿಬ್ಬರು.
ಧರ್ಮಪ್ಪನ ಕೈಲಿ ಕೆಂಪು ಪೇಂಟಿನ ಡಬ್ಬಿ,
ನನ್ನ ಕೈಲಿ ರಿಜಿಸ್ಟರು.
ಹಾಳೆಗೆ ನಾಲ್ಕು ಕಾಲಂ:
ನಂಬರು, ಜಾತಿ, ಸುತ್ತಳತೆ, ಷರಾ.

ನಂದಿ, ಹೊನ್ನೆ, ಧೂಪ, ಹೆಬ್ಬಲಸು.
ತೊಗಟೆಗೊಂದು ಕತ್ತಿಯೇಟು, ಒಸರಿದ ಅಂಟಿನ ಬಣ್ಣ,
ಅಷ್ಟು ಸಾಕು, ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ.
ಅವನಿಗೂ ತಿಳಿಯದ್ದಕ್ಕೆ ಇಲಾಖೆಯದೇ ಒಂದು ಹೆಸರಿದೆ,
ತುಂಬ ಅನುಕೂಲದ ಹೆಸರು:
ಕಾಡುಜಾತಿ.

ಇನ್ನೂರ ಹದಿನೇಳರ ಮುಂದೆ ಡಬ್ಬಿ ಕೆಳಗಿಟ್ಟ.
ನಂಬರು ಬರೆಯಲು ಜಾಗವೇ ಇಲ್ಲ.
ಬುಡದಿಂದ ಎದೆಮಟ್ಟದವರೆಗೆ ಹಣ್ಣು,
ಕೊಂಬೆಯಲ್ಲಲ್ಲ, ಕಾಂಡದ ಮೈಯಲ್ಲೇ,
ದಾರಕ್ಕೆ ಪೋಣಿಸಿದ ಹಾಗೆ ಇಳಿಬಿದ್ದು
ಕೆಲವಂತೂ ತರಗೆಲೆಯೊಳಗೆ ತಲೆ ಹುದುಗಿಸಿ.
ಕೆಂಪು ಅಂದರೆ ನಮ್ಮ ಡಬ್ಬಿಯ ಕೆಂಪಲ್ಲ,
ಈಗಷ್ಟೇ ಅತ್ತು ಸುಮ್ಮನಾದ ಕೂಸಿನ ಕಿವಿಯ ಕೆಂಪು.

‘ಹಲಸಿನ ಪೈಕಿಯಾ?’
‘ಹಾಲೆಲ್ಲೈತೆ?’
‘ಅತ್ತಿ?’
‘ಅತ್ತಿಗೂ ಹಾಲೈತಲ್ಲ ಮಾರಾಯ.’
ಎಲೆ ಹರಿದು ಮೂಸಿದ. ತೊಗಟೆ ಚಿವುಟಿ ನಾಲಗೆಗಿಟ್ಟು ಉಗಿದ.
ಒಂದು ಹಣ್ಣು ಕಿತ್ತು ಅಂಗೈಲಿ ಒತ್ತಿದ:
ಒಳಗೆ ತೊಳೆ, ಹಳೇ ಪಂಚೆಗೆ ನೀಲಿ ಹಾಕಿದಂಥ ಬಿಳುಪು.

ಹಕ್ಕಿ ತಿಂದದ್ದನ್ನು ನಂಬಬೇಡ, ಮಂಗ ತಿಂದದ್ದನ್ನು ನಂಬು
ಅನ್ನುವುದು ಧರ್ಮಪ್ಪನ ಶಾಸ್ತ್ರ.
ನೆಲ ಕೆದಕಿದೆವು. ಸಿಪ್ಪೆಯಿತ್ತು, ಹಲ್ಲಿನ ಗುರುತಿತ್ತು.
ಆದರೂ ‘ಮೊದಲು ನೀನು’ ಅಂದೆ ನಾನು,
‘ನಿನಗಿನ್ನೂ ಮದುವೆಯಾಗಿಲ್ಲ, ನೀನೇ ತಿನ್ನು’ ಅಂದ ಅವನು.

ದಿಬ್ಬ ಹತ್ತಿ ಸಿಗ್ನಲ್ ಹುಡುಕಿ ಸಾಹೇಬರಿಗೆ ಫೋಟೊ ಕಳಿಸಿದೆ.
ಉತ್ತರ ಬಂತು: ಕಾಡುಜಾತಿ ಅಂತ ಹಾಕಿ ಮುಂದೆ ಹೋಗಿ.

ಕೈ ಬರಲಿಲ್ಲ.
ಐದನೇ ಕ್ಲಾಸಿನಲ್ಲಿ ಹೊಸದಾಗಿ ಬಂದ ಮೇಷ್ಟ್ರು
ದಾಖಲಾತಿ ಪುಸ್ತಕದ ಇದೇ ಕಾಲಮ್ಮಿಗೆ ಬಂದು
ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ್ದರು.
ನಾನು ಹೇಳಿದ್ದು ಅವರ ಪಟ್ಟಿಯಲ್ಲಿರಲಿಲ್ಲ.
ಎರಡು ಸಲ ಕೇಳಿದರು, ಆಮೇಲೆ ‘ಇತರೆ’ ಅಂತ ಬರೆದುಕೊಂಡರು.
ಸಿಟ್ಟಿನಿಂದಲ್ಲ. ಹೊತ್ತಾಗಿತ್ತು, ಅಷ್ಟೆ.

ಸೌದೆ ಹೊರೆ ಹೊತ್ತು ಇಳಿಯುತ್ತಿದ್ದ ದ್ಯಾವಮ್ಮ
ನಮ್ಮ ಖಾಕಿ ಕಂಡು ಪೊದೆಯ ಹಿಂದೆ ಸರಿದಳು.
ಏನೂ ಮಾಡಲ್ಲ ಬಾರಮ್ಮ ಅಂತ ಕರೆಯಬೇಕಾಯ್ತು.
ಬಂದವಳು ಮರ ನೋಡಿ ನಕ್ಕೇಬಿಟ್ಟಳು.
‘ಕೋಳಿಕುಕ್ಕೆ ಅಲ್ವಾ? ಇದಕ್ಕೂ ಪಂಚಾಯ್ತಿಯಾ?’

ಸೆರಗಿನ ಗಂಟಲ್ಲಿ ಉಪ್ಪಿತ್ತು.
ಹೊರೆ ಒರಗಿಸಿ ಕೂತು ಒಂದೊಂದಾಗಿ ಬಿಡಿಸಿ ತಿಂದಳು,
ಬೀಜ ಇಳಿಜಾರಿಗೆ ಉಗಿದಳು. ನಾವೂ ತಿಂದೆವು.
ಹುಳಿ! ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು.
ಕೋಳಿ ಯಾಕೆ ಅಂದರೆ,
‘ನೆಲಕ್ಕೇ ಬಿಡ್ತದಲ್ಲಪ್ಪ, ಕೋಳಿಗೂ ಎಟುಕಲಿ ಅಂತ.
ನಮ್ಮಜ್ಜಿ ಹೇಳಿದ್ದು. ಅವಳು ಸುಳ್ಳೂ ಹೇಳ್ತಿದ್ಲು.’

ಆಮೇಲೆ ಕೇಳಿದಳು:
‘ಗಂಡನ್ನ ಬರ್ಕಂಡ್ರಾ?’
‘ಯಾರ ಗಂಡನ್ನ?’
‘ಇವಳ ಗಂಡನ್ನ ಕಣಪ್ಪ. ಅಗೋ, ಅಲ್ಲಿ ನಿಂತವ್ನಲ್ಲ.
ಅವನದು ಬರೀ ಹೂ, ಹಣ್ಣೆಲ್ಲ ಇವಳದು.
ಹೋಗಿ ಮೈ ಮುಟ್ಟಿ ನೋಡು.’

ಹೋಗಿ ಮುಟ್ಟಿದೆ. ಹೂ ಉದುರಿದ ಜಾಗವೆಲ್ಲ ಗಂಟು ಗಂಟು.
ಎಲೆ ತಂದು ಎಲೆಯ ಮೇಲಿಟ್ಟೆವು: ಅದೇ.
ಅದರ ಎದೆಯ ಮೇಲೆ ಹಸಿ ಪೇಂಟು, ೨೧೧.
ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ: ಕಾಡುಜಾತಿ.

‘ಯಾವಾಗ ಕಡೀತಾರೆ?’ ಅಂದಳು ಏಳುತ್ತ.
ಧರ್ಮಪ್ಪ ಹೊರೆ ಎತ್ತಿ ಅವಳ ತಲೆಗಿಟ್ಟ, ಮಾತಾಡಲಿಲ್ಲ.

ಹೊಡೆದುಹಾಕಿ ತಿದ್ದಿದರೆ ಸಾಹೇಬರ ಸಹಿ ಬೇಕು.
ಅದಕ್ಕೇ ಷರಾ ಕಾಲಮ್ಮಿನಲ್ಲಿ ಸಣ್ಣಗೆ ಬರೆದೆ:
೨೧೧ರ ಎದುರು ‘೨೧೭ ನೋಡಿ’,
೨೧೭ರ ಎದುರು ‘೨೧೧ ನೋಡಿ’.

ಧರ್ಮಪ್ಪ ಗೊಂಚಲು ಸರಿಸಿ ಹಿಡಿದು
ಅಂಗೈಯಗಲ ಜಾಗದಲ್ಲಿ ನಂಬರು ಹಾಕಿದ,
ಹಣ್ಣಿಗೆ ಪೇಂಟು ತಾಗದ ಹಾಗೆ.

ಇನ್ನೂರ ಹದಿನೆಂಟು, ನಂದಿ.